ಮೂರನೇ ದರ್ಜೆಗೆ ಮೂವತ್ತು ಸಾವಿರ ಜನ

ಲಾಕ್‌ಡೌನ್ ಕಾಲದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಸಂಡರ್‌ಲ್ಯಾಂಡ್ ಟಿಲ್ ಐ ಡೈ’ ನೋಡಿ ಕಣ್ಣು ಒದ್ದೆ ಮಾಡಿಕೊಂಡವರು ನನ್ನ ಪರಿಚಯದಲ್ಲೇ ಏಳೆಂಟು ಜನ ಇದ್ದಾರೆ. ಅದರಲ್ಲಿ ಅರ್ಧ ಜನಕ್ಕೆ ಆಫ್‌ಸೈಡ್ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಒಂದು ಊರು, ಅದರ ಫುಟ್‌ಬಾಲ್ ಕ್ಲಬ್ಬು, ಅದರ ಸೋಲು, ಇಷ್ಟೇ ಕತೆ. 2017ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ ಬಿದ್ದ ಕ್ಲಬ್ಬು ಒಂದೇ ವರ್ಷದಲ್ಲಿ ಮೇಲೆದ್ದು ಬರುತ್ತೆ, ಆ ಚಂದದ ಕತೆಯನ್ನು ಚಿತ್ರೀಕರಿಸೋಣ ಅಂತ ಕ್ಯಾಮೆರಾದವರು ಹೋದರು. ಅವರಿಗೆ ಸಿಕ್ಕಿದ್ದು ಎರಡನೇ ಬೀಳು.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಫುಟ್‌ಬಾಲ್ ಮೆಟ್ಟಿಲು ಮೆಟ್ಟಿಲಾಗಿದೆ. ಪ್ರೀಮಿಯರ್ ಲೀಗಿನ ಕೊನೆಯ ಮೂರು ತಂಡಗಳು ಪ್ರತಿವರ್ಷ ಕೆಳಗಿನ ಮೆಟ್ಟಿಲಿಗೆ ಇಳಿಯಲೇಬೇಕು, ಕೆಳಗಿನ ಮೂರು ಹತ್ತುತ್ತವೆ. ಮ್ಯಾನೇಜರ್ ಕರೆದು ‘ಈ ವರ್ಷ ಬಜೆಟ್ ಇಲ್ಲ, ಮುಂದಿನ ಸೈಕಲ್ ನೋಡೋಣ’ ಅನ್ನೋ ಹಾಗಿಲ್ಲ. ಪಾಯಿಂಟ್ ಲೆಕ್ಕ, ಅಷ್ಟೇ. ಸಂಡರ್‌ಲ್ಯಾಂಡ್ 2016-17ರಲ್ಲಿ 24 ಪಾಯಿಂಟ್ ಗಳಿಸಿ ಕಟ್ಟಕಡೆಗೆ ನಿಂತಿತು. ಮರುವರ್ಷ ಎರಡನೇ ದರ್ಜೆಯಲ್ಲೂ ಕಟ್ಟಕಡೆಗೆ. ಆರು ಸಲ ದೇಶದ ಚಾಂಪಿಯನ್ ಆಗಿದ್ದ ಕ್ಲಬ್ಬು (ಕೊನೆಯ ಸಲ 1936ರಲ್ಲಿ, ಅದೂ ಇರಲಿ) ಹನ್ನೆರಡು ತಿಂಗಳಲ್ಲಿ ಮೂರನೇ ದರ್ಜೆಗೆ ಬಂದು ಬಿತ್ತು. ಅಲ್ಲಿ ನಾಲ್ಕು ಸೀಸನ್ ಕೂತಿತ್ತು.

ನನ್ನನ್ನು ಕಾಡಿದ್ದು ಆಟ ಅಲ್ಲ. ಕ್ಲಬ್ಬು ಬಿತ್ತು ಅಂತೀವಲ್ಲ, ನಿಜವಾಗಿ ಬಿದ್ದವರು ಯಾರು? ಆಟಗಾರರಂತೂ ಅಲ್ಲ. ಚೆನ್ನಾಗಿ ಆಡುವವರನ್ನು ಬೇರೆ ಕ್ಲಬ್ಬುಗಳು ಕೊಂಡುಕೊಂಡವು. ಚೆನ್ನಾಗಿ ಆಡದವರಿಗೂ ಕಾಂಟ್ರ್ಯಾಕ್ಟ್ ಇತ್ತು. ಒಬ್ಬರ ಸಂಬಳ ವಾರಕ್ಕೆ 70 ಸಾವಿರ ಪೌಂಡ್ ಅಂತ ಪತ್ರಿಕೆಗಳು ಬರೆದಿದ್ದವು, ಕ್ಲಬ್ಬು ಎರಡನೇ ದರ್ಜೆಗೆ ಇಳಿದರೂ ಅದು ಇಳಿಯಲಿಲ್ಲ. ಮಾಲೀಕರು ಮಾರಿ ಹೋದರು. ಉಳಿದವರು ಯಾರಪ್ಪಾ ಅಂದರೆ ಕ್ಲಬ್ಬಿನ ಅಡುಗೆಮನೆಯವರು, ಆಫೀಸಿನವರು, ಟ್ಯಾಕ್ಸಿ ಓಡಿಸುವವರು, ಮತ್ತೆ ಟಿಕೆಟ್ ಕೊಂಡು ಬರುವ ಜನ. ಆಡಿ ಸೋತವರಿಗೆ ಇಳಿಯುವ ಕರ್ಮ ಇಲ್ಲ, ಆಡದವರಿಗೆ ಇದೆ. ಆಟದಲ್ಲಷ್ಟೇ ಹೀಗೆ ಅಂತ ನನಗನ್ನಿಸಲ್ಲ.

ನಾನು ಸಿಂಧನೂರಿನವನು. ಬೆಂಗಳೂರಿಗೆ ಬಂದು ಹನ್ನೊಂದು ವರ್ಷ. ನನ್ನ ಹೈಸ್ಕೂಲಿನ ಬ್ಯಾಚಿನಲ್ಲಿ ಮೊದಲ ಹತ್ತು ರ‍್ಯಾಂಕಿನವರಲ್ಲಿ ಊರಲ್ಲಿ ಉಳಿದವರು ಇಬ್ಬರು. ಒಬ್ಬ ಅಪ್ಪನ ಗೊಬ್ಬರದಂಗಡಿ ನೋಡಿಕೊಳ್ತಾನೆ, ಇನ್ನೊಬ್ಬಳು ಮದುವೆಯಾಗಿ ಲಿಂಗಸುಗೂರಿನಲ್ಲಿದ್ದಾಳೆ. ಉಳಿದವರು ಬೆಂಗಳೂರು, ಹೈದರಾಬಾದ್, ಪುಣೆ, ಒಬ್ಬ ಡಬ್ಲಿನ್. ನಮ್ಮ ಕಡೆ ಊರು ಬಿಡೋದು ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು, ರೈಸ್‌ಮಿಲ್ಲುಗಳ ಊರಾಯಿತು. ಅದೇ ರಸ್ತೆ ಹಿಡಿದು ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗ್ತಾ ಇದ್ದರೆ ಹಸಿರು ತೆಳುವಾಗುತ್ತೆ, ಮಳೆ ನಂಬಿದ ಹೊಲ ಶುರುವಾಗುತ್ತೆ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಜನ ಗುಳೆ ಹೋಗ್ತಾರೆ. ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೋದರೆ ಅದಕ್ಕೆ ಕೆರಿಯರ್ ಅಂತೀವಿ, ತಲೆ ಮೇಲೆ ಗಂಟು ಹೊತ್ತು ಹೋದರೆ ಗುಳೆ ಅಂತೀವಿ. ಬಸ್ಸು ಮಾತ್ರ ಒಂದೇ.

ಬಿಟ್ಟು ಹೋದವರು ತಪ್ಪಿತಸ್ಥರು ಅಂತ ನಾನು ಹೇಳಲ್ಲ. ಆಟಗಾರನಿಗಾದರೂ ಕಾಲಿನಲ್ಲಿ ಹತ್ತು-ಹನ್ನೆರಡು ವರ್ಷದ ಶಕ್ತಿ ಇರುತ್ತೆ, ಅದನ್ನ ಮೂರನೇ ದರ್ಜೆಯಲ್ಲಿ ಕಳೆಯಪ್ಪಾ ಅಂತ ಯಾವ ಧರ್ಮವೂ ಹೇಳಲಾರದು. ಆದರೆ ಹೋಗುವವರು ಹೋದಾಗ ತಮ್ಮ ಜೊತೆ ಏನನ್ನು ತಗೊಂಡು ಹೋಗ್ತಾರೆ ಅನ್ನೋದು ಬೇರೆ ಪ್ರಶ್ನೆ. ಮಸ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಮಾಸ್ತರಾಗಿರುವ ನನ್ನ ಕಾಕಾ ಇದನ್ನ ಒಂದು ಸಲ ಹೇಳಿದ್ದರು: “ಹೋಗೋರು ಹೋಗ್ಲಿ ಬಿಡಪಾ, ಯಾರ್ ಬ್ಯಾಡ ಅಂತಾರ? ಆದ್ರ ಬಾಯಿ ಇದ್ದೋರೇ ಮೊದಲ ಹೋಗ್ತಾರಲ್ಲ, ಅದ ತ್ರಾಸು. ಗಚ್ಚಿನ ಛತ್ ಸೋರಾಕತ್ತಿದ್ರ ಬಂದು ನನ್ ಕೂಡ ಜಗಳ ಮಾಡೋ ಅಪ್ಪನ ಮಗ ಈಗ ಕಾನ್ವೆಂಟಿಗೆ ಹೊಂಟಾನ. ಉಳಿದೋರು ನನಗ ಸರ್ ಸರ್ ಅಂತಾರ, ಜಗಳ ಮಾಡಂಗಿಲ್ಲ.”

ಎಷ್ಟೋ ವರ್ಷ ಆದಮೇಲೆ ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞರ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಓದಿದೆ. 1970ರ ಪುಸ್ತಕ. ನೈಜೀರಿಯಾದ ರೈಲ್ವೆಗೆ ಲಾರಿಗಳು ಪೈಪೋಟಿ ಕೊಡ್ತಾ ಇದ್ದರೂ ರೈಲ್ವೆ ಯಾಕೆ ಸುಧಾರಿಸಲಿಲ್ಲ ಅನ್ನೋ ಪ್ರಶ್ನೆಯಿಂದ ಅವರ ಯೋಚನೆ ಹೊರಟಿದ್ದು. ಪೈಪೋಟಿ ಇದ್ದರೆ ಸುಧಾರಿಸಬೇಕಲ್ವಾ? ಆಗಲಿಲ್ಲ, ಯಾಕೆಂದರೆ ಗಲಾಟೆ ಮಾಡಿ ಸರಿಮಾಡಿಸಬಲ್ಲ ಗಿರಾಕಿಗಳೇ ಲಾರಿಗೆ ಹೋಗಿಬಿಟ್ಟರು. ಶಾಲೆಗಳ ಉದಾಹರಣೆಯೂ ಅದರಲ್ಲಿದೆ. ಓದ್ತಾ ಓದ್ತಾ ನಗು ಬಂತು. ಕಾಕಾ ಈ ಪುಸ್ತಕ ಓದಿಲ್ಲ, ಛತ್ತು ಸೋರುವುದನ್ನ ನೋಡಿದ್ದಾರೆ.

ಹಾಗಂತ ಉಳಿದವರಿಗೆ ದನಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ರೈತರು 2020ರ ಕೊನೆಯಲ್ಲಿ ಧರಣಿ ಕೂತು, ತಿಂಗಳುಗಟ್ಟಲೆ ಎದ್ದೇಳಲಿಲ್ಲ. ಬೆಂಗಳೂರಿನ ಟಿವಿಗಳಿಗೆ ಅದು ನೆನಪಾಗಿದ್ದು ಉಪಚುನಾವಣೆ ಬಂದಾಗ. ಇದನ್ನೇ ನಾನು ಮೂರನೇ ದರ್ಜೆಯ ಮೈದಾನದಲ್ಲಿ ಕೂಗುವುದು ಅನ್ನೋದು. ಕ್ಯಾಮೆರಾ ಇಲ್ಲ, ಆದರೂ ಕೂಗಬೇಕು.

ಸಂಡರ್‌ಲ್ಯಾಂಡಿನ ಮೈದಾನಕ್ಕೂ ನಮ್ಮ ಕಡೆಗೂ ಒಂದು ಸಂಬಂಧ ನನಗೆ ಕಾಣುತ್ತೆ. ಅವರ ‘ಸ್ಟೇಡಿಯಂ ಆಫ್ ಲೈಟ್’ ನಿಂತಿರುವುದು ಒಂದು ಕಲ್ಲಿದ್ದಲು ಗಣಿಯ ಜಾಗದಲ್ಲಿ. ಮಾಂಕ್‌ವೇರ್‌ಮೌತ್ ಗಣಿ 1993ರಲ್ಲಿ ಮುಚ್ಚಿತು, 1997ರಲ್ಲಿ ಅಲ್ಲಿ ಸ್ಟೇಡಿಯಂ ಬಂತು, ಹೊರಗೆ ಗಣಿಕಾರ್ಮಿಕರ ದೀಪದ ಸ್ಮಾರಕ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇನ್ನೂ ನಡೀತಾ ಇದೆ. ಗಣಿ ಊರಿನವರಿಗೆ ಒಂದು ವಿಷಯ ಗೊತ್ತಿರುತ್ತೆ: ನೆಲದಿಂದ ತೆಗೆದದ್ದು ಬೇರೆ ಊರಿಗೆ ಹೋಗುತ್ತೆ, ಧೂಳು ಇಲ್ಲಿ ಉಳಿಯುತ್ತೆ. ಗಣಿ ಮುಚ್ಚಿದ ಊರಿನಲ್ಲಿ ಶನಿವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂರುವುದಕ್ಕೆ ಇನ್ನೇನು ಉಳಿದಿತ್ತು? ಮೂರನೇ ದರ್ಜೆಯಲ್ಲಿ ಆಡ್ತಾ ಇದ್ದಾಗಲೂ ಸಂಡರ್‌ಲ್ಯಾಂಡಿನ ಪಂದ್ಯಕ್ಕೆ ಮೂವತ್ತು ಸಾವಿರ ಜನ ಬರ್ತಾ ಇದ್ದರು. ಪ್ರೀಮಿಯರ್ ಲೀಗಿನ ಎಷ್ಟೋ ಕ್ಲಬ್ಬುಗಳ ಮೈದಾನದಲ್ಲಿ ಅಷ್ಟು ಜನ ಹಿಡಿಸೋದೇ ಇಲ್ಲ.

ಇದನ್ನ ನನ್ನ ಟೀಮಿನ ಗೆಳೆಯನ ಹತ್ತಿರ ಹೇಳಿದರೆ ಅವನು, “ಗುರು, ಇದು ಸಂಕ್ ಕಾಸ್ಟ್. ಅಪ್ಪ ನೋಡ್ತಿದ್ದ ಅಂತ ಮಗ ನೋಡ್ತಾನೆ, ದುಡ್ಡು ಹಾಕಿದೀನಿ ಅಂತ ಇನ್ನಷ್ಟು ಹಾಕ್ತಾನೆ” ಅಂದ. ಅವನು ಡೇಟಾ ನೋಡುವವನು, ಎಲ್ಲವನ್ನೂ ಹಾಗೇ ನೋಡ್ತಾನೆ. ಅವನ ಮಾತಿನಲ್ಲಿ ಸತ್ಯ ಇಲ್ಲ ಅನ್ನಲ್ಲ. ನಿಷ್ಠೆ ಕುರುಡಾದರೆ ಕೆಟ್ಟ ಮಾಲೀಕನಿಗೆ ಅದಕ್ಕಿಂತ ಒಳ್ಳೆ ಲೈಸೆನ್ಸ್ ಬೇರೆ ಇಲ್ಲ. ಏನೇ ಮಾಡಿದರೂ ಟಿಕೆಟ್ ಮಾರಾಟ ಆಗುತ್ತಲ್ಲ. ಆದರೆ ಅವನು ಒಂದು ಜಾಗದಲ್ಲಿ ಎಡವಿದ ಅನ್ನಿಸುತ್ತೆ. ಸಂಕ್ ಕಾಸ್ಟ್ ಅನ್ನಬೇಕಾದರೆ ನಾನು ಏನೋ ಲಾಭಕ್ಕೆ ದುಡ್ಡು ಹಾಕಿರಬೇಕು. ನಮ್ಮಜ್ಜಿಗೆ ವಯಸ್ಸಾದಮೇಲೆ ಅವಳ ರೊಟ್ಟಿ ಸುಟ್ಟು ಹೋಗ್ತಿತ್ತು, ಆಗ ಯಾರೂ ಇನ್ನೊಬ್ಬ ಅಜ್ಜಿಯನ್ನು ಹುಡುಕಲಿಲ್ಲ. ಅದಕ್ಕೆ ಯಾರೂ ಸಂಕ್ ಕಾಸ್ಟ್ ಅನ್ನಲ್ಲ. ಕೆಲವು ಸಂಬಂಧಗಳಲ್ಲಿ ಸಾಧನೆ ಅನ್ನೋ ಕಾಲಂ ಇರುವುದಿಲ್ಲ. ಕ್ಲಬ್ಬು ಆ ಪೈಕಿಯೋ ಅಲ್ಲವೋ ಅನ್ನೋದು ನಿಜವಾದ ವಾದ. ಊರು ಆ ಪೈಕಿ ಅಂತ ನಾನಂತೂ ನಂಬಿದ್ದೀನಿ.

ಸಂಡರ್‌ಲ್ಯಾಂಡಿನವರಲ್ಲಿ ನನಗೆ ಇಷ್ಟವಾಗದ ಸಂಗತಿಯೂ ಒಂದಿದೆ. ‘ನಾವು ದೊಡ್ಡ ಕ್ಲಬ್ಬು, ನಾವು ಇಲ್ಲಿರಬೇಕಾದವರಲ್ಲ’ ಅನ್ನೋ ಧಾಟಿ. ಯಾರಪ್ಪಾ ಹಾಗಾದರೆ ಇಲ್ಲಿರಬೇಕಾದವರು? ನಮ್ಮಲ್ಲೂ ಇದೆ ಈ ಕಾಯಿಲೆ. ರಾಯಚೂರು ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಬಡಿದಾಡಿದ್ದು, ಮುದಗಲ್ ಕೋಟೆ, 1520ರ ಯುದ್ಧ, ಇವೆಲ್ಲ ಹೇಳಿ ಹೇಳಿ ನಾವೂ ಒಂದು ಕಾಲದ ಪ್ರೀಮಿಯರ್ ಲೀಗ್ ಅಂತ ಬೀಗೋದು. ಆಮೇಲೆ ನಿಜಾಮರ ರಾಜ್ಯದ ಅಂಚು, 1948ರ ತನಕ ಕಾಯುವುದು, 1956ರಲ್ಲಿ ಮೈಸೂರು ರಾಜ್ಯದ ದೂರದ ಮೂಲೆಯಾಗಿ ಸೇರುವುದು. ಅಜ್ಜ ತುಪ್ಪ ತಿಂದ ಅಂತ ಮೊಮ್ಮಗನ ಕೈ ಮೂಸಬೇಕಾಗಿಲ್ಲ. ಹಿಂದೆ ಮೇಲಿದ್ದೆವು ಅನ್ನೋದು ಮುಂದೆ ಮೇಲಕ್ಕೆ ಹೋಗಲು ಹಕ್ಕುಪತ್ರ ಅಲ್ಲ.

ಏಣಿ ಇರಬೇಕು ಅನ್ನೋದು ಹಕ್ಕು. ಇದು ನನಗೆ ಸ್ಪಷ್ಟವಾಗಿದ್ದು ಬೆಂಗಳೂರಿನ ಫುಟ್‌ಬಾಲನ್ನೇ ನೋಡಿ. ಎಚ್‌ಎಎಲ್ ತಂಡ ಗೊತ್ತಲ್ಲ, ಕಾರ್ಖಾನೆಯ ತಂಡ. ಎರಡನೇ ದರ್ಜೆಯಿಂದ ಆಡಿ ಗೆದ್ದು ಐ-ಲೀಗಿಗೆ ಹೋದರು, 2011-12ರ ಸೀಸನ್ ಮುಗಿದಾಗ ಕೆಳಗಿಳಿದರು. ಮರುವರ್ಷ, 2013ರಲ್ಲಿ, ಜೆಎಸ್‌ಡಬ್ಲ್ಯೂ ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿತು, ಆ ತಂಡಕ್ಕೆ ಐ-ಲೀಗಿಗೇ ನೇರ ಪ್ರವೇಶ. ಕೆಳಗಿನ ಮೆಟ್ಟಿಲು ತುಳಿಯಲೇ ಇಲ್ಲ. ಮೊದಲ ಸೀಸನ್ನಿನಲ್ಲೇ ಚಾಂಪಿಯನ್. ನಾನೂ ಆಗ ಕುಣಿದವನೇ, ಸುನಿಲ್ ಛೆಟ್ರಿಯನ್ನು ನಮ್ಮೂರ ತಂಡದಲ್ಲಿ ನೋಡೋದು ಅಂದರೆ ಸುಮ್ಮನೆನಾ? ವೆಸ್ಟ್ ಬ್ಲಾಕಿನ ಆ ಗದ್ದಲ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋದದ್ದು, ಇದ್ಯಾವುದೂ ಸುಳ್ಳಲ್ಲ. ಹಣ ಬಂತು, ಶಿಸ್ತು ಬಂತು, ಒಳ್ಳೆ ಆಟ ಬಂತು. ಆದರೂ ಎಚ್‌ಎಎಲ್‌ನವರು ಹತ್ತಿ ಇಳಿದ ಮೆಟ್ಟಿಲಿಗೆ ಇನ್ನೊಬ್ಬರು ಲಿಫ್ಟಿನಲ್ಲಿ ಬಂದರು ಅನ್ನೋದು ಹಾಗೇ ಉಳಿದಿದೆ. 2014ರಲ್ಲಿ ಶುರುವಾದ ಐಎಸ್‌ಎಲ್‌ಗಂತೂ ಎಷ್ಟೋ ವರ್ಷ ಏಣಿಯೇ ಇರಲಿಲ್ಲ. ಫೀಸು ಕಟ್ಟಿದವರು ಮೇಲೆ, ಸೋತರೂ ಮೇಲೆ. ಐ-ಲೀಗ್ ಗೆದ್ದು ಆಟದ ಬಲದ ಮೇಲೆ ಅಲ್ಲಿಗೆ ಹತ್ತಿದ ಮೊದಲ ತಂಡ ಪಂಜಾಬಿನದು, 2023ರಲ್ಲಿ. ಬೀಳುವ ಭಯ ಇಲ್ಲದ ಲೀಗಿನಲ್ಲಿ ಸೋಲು ಬರೀ ಬೇಜಾರು. ನಮ್ಮದೇ ಎಸ್‌ಸಿ ಬೆಂಗಳೂರು 2024ರಲ್ಲಿ ಮೂರನೇ ದರ್ಜೆ ಗೆದ್ದು ಐ-ಲೀಗಿಗೆ ಹತ್ತಿತು, 2025ರಲ್ಲಿ ಮತ್ತೆ ಇಳಿಯಿತು. ಎಷ್ಟು ಜನ ಗಮನಿಸಿದಿರಿ?

ಏಣಿಯ ಮಾತು ಬಂದರೆ ಮಸ್ಕಿಯ ಬಂಡೆ ಬಿಡುವ ಹಾಗಿಲ್ಲ. 1915ರಲ್ಲಿ ಬೀಡನ್ ಅನ್ನೋ ಇಂಜಿನಿಯರ್ ಚಿನ್ನ ಹುಡುಕಿಕೊಂಡು ಬಂದು ಕಂಡದ್ದು ಅಶೋಕನ ಶಾಸನ. ‘ಅಶೋಕ’ ಅನ್ನೋ ಹೆಸರೇ ಅದರಲ್ಲಿತ್ತು, ಅದಕ್ಕೇ ಅದು ಪ್ರಸಿದ್ಧಿ. ನಮ್ಮ ಶಾಲೆಯಲ್ಲಿ ಹೇಳಿಕೊಟ್ಟದ್ದೂ ಅಷ್ಟೇ: ಹೆಸರು ಸಿಕ್ಕಿತು, ಇತಿಹಾಸ ಗೊತ್ತಾಯಿತು, ಎರಡು ಮಾರ್ಕು. ಆ ಶಾಸನ ಏನು ಹೇಳುತ್ತೆ ಅಂತ ಯಾರೂ ಹೇಳಲಿಲ್ಲ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಎತ್ತರ ಮುಟ್ಟಬಹುದು, ದೊಡ್ಡವರಿಗಷ್ಟೇ ಇದು ಸಾಧ್ಯ ಅಂತ ತಿಳಿಯಬಾರದು, ಇದನ್ನ ಸಣ್ಣವರಿಗೂ ದೊಡ್ಡವರಿಗೂ ಹೇಳಿ ಅನ್ನೋ ಅರ್ಥದ ಮಾತು ಅಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಸಾಮ್ರಾಟನೊಬ್ಬ ನಮ್ಮ ಒಣನೆಲದ ಕಲ್ಲಿನ ಮೇಲೆ ಬರೆಸಿದ್ದು ಬಡ್ತಿಯ ನಿಯಮ! ಆದರೆ ಅವನು ಬರೆಸಿದ್ದರಲ್ಲಿ ಒಂದು ಅನುಕೂಲ ಇತ್ತು. ಸ್ವರ್ಗದಲ್ಲಿ ಸೀಟು ಲಿಮಿಟ್ ಇಲ್ಲ. ಒಬ್ಬ ಹತ್ತಿದರೆ ಇನ್ನೊಬ್ಬ ಇಳಿಯಬೇಕಾಗಿಲ್ಲ. ಲೀಗಿನಲ್ಲಿ ಇದೆ, ಕೆಪಿಎಸ್‌ಸಿಯಲ್ಲಿ ಇದೆ, ಇಂಜಿನಿಯರಿಂಗ್ ಸೀಟಿನಲ್ಲಿ ಇದೆ.

ಸೀಟು ಅಂದಮೇಲೆ 371ಜೆ. ಸಂವಿಧಾನದ 98ನೇ ತಿದ್ದುಪಡಿ, ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ವಿಶೇಷ ಸ್ಥಾನಮಾನ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮವರಿಗೆ. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಇದೇ ಸಂಕ್ ಕಾಸ್ಟ್ ಗೆಳೆಯ, ತಮಾಷೆಗೇ ಅನ್ನಿ, “ನಿಮಗೇನಪ್ಪಾ, ಕೋಟಾ ಇದೆ, ಮೆರಿಟ್ ತಲೆನೋವಿಲ್ಲ” ಅಂದ. ಅವನು ಲೆಸ್ಟರ್ ಸಿಟಿಯ ಅಭಿಮಾನಿ. 2023ರಲ್ಲಿ ಲೆಸ್ಟರ್ ಬಿತ್ತು, 2024ರಲ್ಲಿ ಎದ್ದಿತು, ಅವನು ಕೇಕ್ ತಂದಿದ್ದ. ನಾನು ಕೇಳಿದೆ, ಪ್ಯಾರಾಶೂಟ್ ಪೇಮೆಂಟ್ ಬಗ್ಗೆ ಏನಂತೀಯ ಅಂತ.

ಅದೇನೆಂದರೆ, ಪ್ರೀಮಿಯರ್ ಲೀಗಿನಿಂದ ಬಿದ್ದ ಕ್ಲಬ್ಬಿಗೆ ಮೂರು ವರ್ಷದ ತನಕ ಟಿವಿ ಹಣದಲ್ಲಿ ಪಾಲು ಸಿಗುತ್ತೆ. ಎಲ್ಲ ಕ್ಲಬ್ಬುಗಳಿಗೂ ಸಮನಾಗಿ ಹಂಚುವ ಮೊತ್ತದಲ್ಲಿ ಮೊದಲ ವರ್ಷ ಶೇ. 55, ಎರಡನೇ ವರ್ಷ 45, ಮೂರನೇ ವರ್ಷ 20. ಮೆತ್ತಗೆ ಬೀಳಲಿ ಅಂತ. ಎರಡನೇ ದರ್ಜೆಯಲ್ಲೇ ವರ್ಷಗಟ್ಟಲೆ ಬೆವರು ಸುರಿಸ್ತಾ ಇರುವ ಬಡ ಕ್ಲಬ್ಬುಗಳಿಗೆ ಇದಿಲ್ಲ. ಅವು ಈ ದುಡ್ಡಿನ ಎದುರು ಆಡಬೇಕು. ಮೇಲಿದ್ದವರು ಬಿದ್ದಾಗ ಕೊಡುವ ಹಣಕ್ಕೆ ಸಿಸ್ಟಮ್ ಅಂತಾರೆ, ಅದರ ಬಲದಿಂದ ಎದ್ದರೆ ಕಮ್‌ಬ್ಯಾಕ್ ಅಂತಾರೆ. ಯಾವತ್ತೂ ಕೆಳಗಿದ್ದವರಿಗೆ ಕೊಟ್ಟರೆ ಕೋಟಾ ಅಂತಾರೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬೇರೆ ಕಣೋ” ಅಂದ. ಬೇರೆ ಹೌದು. ಪ್ಯಾರಾಶೂಟ್ ಮೂರು ವರ್ಷಕ್ಕೆ ಮುಗಿಯುತ್ತೆ, 371ಜೆಗೆ ಗಡುವಿಲ್ಲ. ಇದು ಅವನ ಕಡೆಯ ಒಳ್ಳೆಯ ವಾದ, ತಳ್ಳಿಹಾಕುವಂಥದ್ದಲ್ಲ. ನಮ್ಮ ಭಾಗದಲ್ಲೇ ಆ ಸೀಟುಗಳು ಯಾರ ಮಕ್ಕಳಿಗೆ ಹೋಗ್ತಾವೆ, ಕಾಕಾನ ಶಾಲೆಯ ಮಕ್ಕಳಿಗಾ ಅಥವಾ ಸಿಂಧನೂರಿನ ರೈಸ್‌ಮಿಲ್ಲಿನವರ ಮಕ್ಕಳಿಗಾ ಅನ್ನೋದು ಇನ್ನೊಂದು, ಅವನಿಗೆ ಹೊಳೆಯದ ವಾದ. ಇದನ್ನ ನಾವೇ ಕೇಳಿಕೊಳ್ಳಬೇಕು. ಆದರೆ ‘ಮೆರಿಟ್’ ಅಂತ ಅವನು ಹೇಳಿದ ಮಾತು ಮಾತ್ರ ಅಂದಿನಿಂದ ನನ್ನ ಕಿವಿಗೆ ಬೇರೆ ಥರ ಕೇಳುತ್ತೆ.

ಇನ್ನು ಆ ಗೆಲುವಿನ ಸೀಸನ್. 2019ರಲ್ಲಿ ವೆಂಬ್ಲಿಯ ಪ್ಲೇಆಫ್ ಫೈನಲಿನಲ್ಲಿ ಸಂಡರ್‌ಲ್ಯಾಂಡ್ ಚಾರ್ಲ್ಟನ್ ಎದುರು 94ನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ಸೋತಿತು. 2021ರಲ್ಲಿ ಸೆಮಿಫೈನಲಿನಲ್ಲೇ ಮುಗೀತು. 2022ರ ಫೆಬ್ರವರಿಯಲ್ಲಿ ಅಲೆಕ್ಸ್ ನೀಲ್ ಕೋಚ್ ಆಗಿ ಬಂದರು. ಲೀಗಿನಲ್ಲಿ ಐದನೇ ಸ್ಥಾನ, ಸೆಮಿಫೈನಲಿನಲ್ಲಿ ಕೊನೇ ಗಳಿಗೆಯ ಗೋಲು, ಮೇ 21ರಂದು ವೆಂಬ್ಲಿಯಲ್ಲಿ 70 ಸಾವಿರಕ್ಕೂ ಹೆಚ್ಚು ಜನರ ಎದುರು ವೈಕಂಬ್ ತಂಡದ ಮೇಲೆ 2-0. ನಾಲ್ಕು ವರ್ಷದ ವನವಾಸ ಮುಗೀತು. ಊರಿಗೆ ಊರೇ ಅತ್ತಿತು. ಮೂರು ತಿಂಗಳು ಕಳೆಯುವ ಹೊತ್ತಿಗೆ ಅದೇ ಅಲೆಕ್ಸ್ ನೀಲ್ ಸ್ಟೋಕ್ ಕ್ಲಬ್ಬಿಗೆ ಹೊರಟು ಹೋದರು.

ಮೂರು ವರ್ಷ ಆದಮೇಲೆ, 2025ರ ಮೇ 24ರಂದು, ಮತ್ತೆ ವೆಂಬ್ಲಿ. ಶೆಫೀಲ್ಡ್ ಯುನೈಟೆಡ್ ಎದುರು 1-1. 95ನೇ ನಿಮಿಷ. ಆ ಕಡೆಯವನೇ ಆದ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಟಾಮಿ ವಾಟ್ಸನ್ ಅನ್ನೋ 19ರ ಹುಡುಗ ಚೆಂಡನ್ನು ಮೂಲೆಗೆ ತೂರಿಸಿದ. ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗಿಗೆ. ಆ ಹುಡುಗ ಅಷ್ಟು ಹೊತ್ತಿಗಾಗಲೇ ಬ್ರೈಟನ್ ಕ್ಲಬ್ಬಿಗೆ ಮಾರಾಟ ಆಗಿದ್ದ, ಒಪ್ಪಂದ ಮುಗಿದಿತ್ತು. ಊರನ್ನ ಮೇಲೆತ್ತಿದ ಗೋಲು ಊರು ಬಿಡುತ್ತಿದ್ದವನ ಕೊನೆಯ ಕೆಲಸ.

ನನ್ನ ವಾದವನ್ನೆಲ್ಲ ಇವನೊಬ್ಬ ಕೆಡಿಸಿದ. ಬಿಟ್ಟು ಹೋಗುವವರು ಬಾಯಿಯನ್ನೂ ತಗೊಂಡು ಹೋಗ್ತಾರೆ ಅಂತ ನಾನು ಇಷ್ಟೊತ್ತು ಹೇಳಿದ್ದೆ. ಇವನು ಹೋಗುವ ಮುಂಚೆ ಓಡಾಡಿಸುವ ಕಾಲುಗಳನ್ನ ಅಲ್ಲೇ ಬಿಟ್ಟು ಹೋದ ಹಾಗಿತ್ತು. ಟ್ರಾನ್ಸ್‌ಫರ್ ಆಗಿದ್ದವನು ಆ ಕೊನೆಯ ಪಂದ್ಯದಲ್ಲಿ ಕಾಲು ಉಳಿಸಿಕೊಂಡು ಆಡಿದ್ದರೆ ಯಾರೂ ಏನೂ ಕೇಳುವಂತಿರಲಿಲ್ಲ. ನೋಟಿಸ್ ಪೀರಿಯಡ್ಡಿನಲ್ಲಿ ನಾವೆಲ್ಲ ಹೇಗೆ ಕೆಲಸ ಮಾಡ್ತೀವಿ ಅಂತ ನಿಮಗೆ ಗೊತ್ತೇ ಇದೆ. ಹೋಗುವುದು, ಉಳಿಯುವುದು ಅಂತ ಎರಡೇ ಖಾನೆ ಮಾಡಿಕೊಂಡಿದ್ದೆ, ಇವನನ್ನ ಯಾವುದರಲ್ಲಿ ಹಾಕಲಿ ಅಂತ ಇನ್ನೂ ಗೊತ್ತಾಗ್ತಾ ಇಲ್ಲ.

ಫೋನಿನಲ್ಲಿ ಕಾಕಾಗೆ ಈ ಕತೆಯನ್ನೆಲ್ಲ ಹೇಳಿದೆ. ಅವರಿಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ, ಆದರೆ ಪೂರ್ತಿ ಕೇಳಿಸಿಕೊಂಡರು. ಕೇಳಿ ಆದಮೇಲೆ ಗೆದ್ದವರ ಸುದ್ದಿ ಎತ್ತಲೇ ಇಲ್ಲ.

“ಆ ಇನ್ನೊಂದು ಊರು ಅಂದ್ಯಲ್ಲ, ಮೂರನೇ ದರ್ಜೆದಾಗ ಇವ್ರ ಕೂಡ ಆಡಿ ಸೋತದ್ದು. ಅದರ ಹೆಸರೇನು?”

“ವೈಕಂಬ್, ಕಾಕಾ.”

“ಹಾಂ. ಅವ್ರು ಮುಂದ ಏನಾದ್ರು?”

ವೈಕಂಬ್ ಸಣ್ಣ ಕ್ಲಬ್ಬು. ತನ್ನ ಇತಿಹಾಸದಲ್ಲೇ ಮೊದಲ ಸಲ ಎರಡನೇ ದರ್ಜೆಗೆ ಹತ್ತಿದ್ದು 2020ರಲ್ಲಿ. ಒಂದೇ ವರ್ಷಕ್ಕೆ, ಒಂದೇ ಒಂದು ಪಾಯಿಂಟಿನಿಂದ ಇಳಿಯಿತು. ಮರುವರ್ಷವೇ ವಾಪಸ್ ಹತ್ತಲು ವೆಂಬ್ಲಿಗೆ ಬಂದಾಗ ಎದುರಿಗೆ ಸಂಡರ್‌ಲ್ಯಾಂಡ್ ಇತ್ತು. ಅದಾದ ಮೇಲಿನ ಮೂರು ಸೀಸನ್ನೂ ಅವರು ಮೂರನೇ ದರ್ಜೆಯಲ್ಲೇ ಆಡಿದರು. ಅವರ ಮೇಲೆ ಯಾರೂ ಸರಣಿ ಮಾಡಿಲ್ಲ. ಇಷ್ಟನ್ನು ಕಾಕಾಗೆ ಹೇಳಿದೆ. ಅವರು “ಹೂಂ” ಅಂದು, ಛತ್ತಿಗೆ ಗ್ರ್ಯಾಂಟ್ ಬಂದಿದೆ, ಮಳೆಗಾಲದೊಳಗ ಮುಗೀತದ ಅಂತ ಕಾಣಂಗಿಲ್ಲ ಅಂದರು.